ಗ್ಯಾಸ್ ದುಬಾರಿಯಾದರೆ ಅಡುಗೆಯನ್ನು ಇಂಡಕ್ಷನ್ ಒಲೆಗೆ ಬದಲಿಸಬೇಕೇ?

ಪರ: ಕೆಜಿ ದರವನ್ನು 9ರಿಂದ ಭಾಗಿಸಿ ನೋಡಿ

ಗ್ಯಾಸ್ ಬೆಲೆ ಏರಿದ ತಿಂಗಳು ಬಹಳ ಸಲ ಕತ್ತರಿ ಬೀಳುವುದು ಹಾಲು, ಹಣ್ಣಿನ ಮೇಲೆ. ಮಕ್ಕಳ ತಟ್ಟೆಗೆ ಕೈಹಾಕುವ ಮೊದಲು ಒಲೆಯ ಲೆಕ್ಕ ನೋಡಬೇಕು.

1 ಕೆಜಿ ಎಲ್‌ಪಿಜಿಯಲ್ಲಿ ಸುಮಾರು 12.7 ಯೂನಿಟ್ ವಿದ್ಯುತ್ತಿನಷ್ಟು ಶಾಖವಿದೆ. ಅದರಲ್ಲಿ ಪಾತ್ರೆಗೆ ಸೇರುವುದು ಹೆಚ್ಚುಕಡಿಮೆ ಶೇ 60. ಉಳಿದದ್ದು ಪಾತ್ರೆಯ ಪಕ್ಕದಿಂದ ಹಾದು ಅಡುಗೆಮನೆಯನ್ನು ಕಾಯಿಸುತ್ತದೆ. ಇಂಡಕ್ಷನ್‌ನಲ್ಲಿ ಪಾತ್ರೆಯ ತಳವೇ ಕಾಯುವುದರಿಂದ ಸುಮಾರು ಶೇ 85 ಒಳಗೆ ಸೇರುತ್ತದೆ. ಅಲ್ಲಿಗೆ 1 ಕೆಜಿ ಗ್ಯಾಸ್ ಮಾಡುವ ಕೆಲಸಕ್ಕೆ 9 ಯೂನಿಟ್ ಸಾಕು. ನಿಮ್ಮ ಗ್ಯಾಸಿನ ಕೆಜಿ ದರವನ್ನು 9ರಿಂದ ಭಾಗಿಸಿ. ಯೂನಿಟ್ ದರ ಅದಕ್ಕಿಂತ ಕಡಿಮೆಯಿದ್ದರೆ ಇಂಡಕ್ಷನ್ನೇ ಅಗ್ಗ.

ಎಲ್ಲ ಅಡುಗೆಯನ್ನೂ ಒಂದೇ ದಿನ ಬದಲಿಸಬೇಕಿಲ್ಲ. ನೀರು ಕಾಯಿಸುವುದು, ಹಾಲು, ಕುಕ್ಕರ್ ಇವಿಷ್ಟನ್ನು ಮೊದಲು ಸಾಗಿಸಿ. 25 ಡಿಗ್ರಿಯ 1 ಲೀಟರ್ ನೀರು ಕುದಿಯಲು ಇಂಡಕ್ಷನ್‌ನಲ್ಲಿ 0.1 ಯೂನಿಟ್ ಬೇಕು, ಗ್ಯಾಸಿನಲ್ಲಿ 11-12 ಗ್ರಾಂ. ಹೊಸ ಪಾತ್ರೆ ಕೊಳ್ಳುವ ಮುನ್ನ ಮನೆಯಲ್ಲಿರುವ ಪಾತ್ರೆಗಳ ತಳಕ್ಕೆ ಅಯಸ್ಕಾಂತ ಹಿಡಿಯಿರಿ. ಗಟ್ಟಿಯಾಗಿ ಅಂಟಿ, ತಳ ಸಪಾಟಾಗಿದ್ದು, 12 ಸೆಂ.ಮೀ.ಗಿಂತ ಅಗಲವಿದ್ದರೆ ಸಾಮಾನ್ಯವಾಗಿ ನಡೆಯುತ್ತದೆ. ಬರೀ ಅಲ್ಯೂಮಿನಿಯಂ ಪಾತ್ರೆ ಕಾಯುವುದಿಲ್ಲ.

ವಿರೋಧ: ಇರುವ ಒಲೆಯಲ್ಲೇ ಉಳಿತಾಯವಿದೆ

ಭಾಗಾಕಾರ ಸರಿ, ಆದರೆ ಯಾವ ಯೂನಿಟ್ ದರ? ಬಳಕೆ ಏರಿದಂತೆ ದರವೂ ಏರುವ ಸ್ಲ್ಯಾಬ್ ಪದ್ಧತಿ ಇರುವಲ್ಲಿ, ಇಂಡಕ್ಷನ್ ಎಳೆಯುವ ಹೆಚ್ಚುವರಿ ಯೂನಿಟ್‌ಗಳೆಲ್ಲ ಕೊನೆಯ ಸ್ಲ್ಯಾಬಿಗೆ ಬೀಳುತ್ತವೆ. ಬಿಲ್ಲಿನ ಸರಾಸರಿ ದರ ಹಿಡಿದು ಲೆಕ್ಕ ಹಾಕಿದವರು ಎಡವುವುದು ಇಲ್ಲೇ. ಕೊನೆಯ ಸ್ಲ್ಯಾಬಿನ ದರಕ್ಕೆ ತೆರಿಗೆ ಸೇರಿಸಿ ಹೋಲಿಸಿ.

ವೈರಿಂಗ್ ಇನ್ನೊಂದು ಖರ್ಚು. 2000 ವಾಟ್ ಒಲೆ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 6 ಆಂಪಿಯರ್ ಸಾಕೆಟ್ಟಿಗೋ ಸಣ್ಣ ಎಕ್ಸ್‌ಟೆನ್ಷನ್ ಬೋರ್ಡಿಗೋ ಸಿಕ್ಕಿಸಿದರೆ ಪಿನ್ನಿನ ಸಡಿಲ ಜಾಗ ಕಾದು ಪ್ಲಾಸ್ಟಿಕ್ ಕರಗುತ್ತದೆ. ಅದಕ್ಕೆ 16 ಆಂಪಿಯರ್ ಸಾಕೆಟ್, ಎಂಸಿಬಿಯಿಂದ (ಹೊರೆ ಹೆಚ್ಚಾದರೆ ತಾನೇ ಆರುವ ಸ್ವಿಚ್) ನೇರವಾಗಿ ಬಂದ 2.5 ಚದರ ಮಿ.ಮೀ. ತಾಮ್ರದ ವೈರ್ ಇರಲಿ. ಒಲೆ, ಪಾತ್ರೆ, ವೈರಿಂಗ್ ಮೂರನ್ನೂ ಕೂಡಿಸಿ ತಿಂಗಳ ಉಳಿತಾಯದಿಂದ ಭಾಗಿಸಿ. ವಾರಂಟಿ ಮುಗಿಯುವುದರೊಳಗೆ ಹಣ ಮರಳದಿದ್ದರೆ ಕೊಳ್ಳಬೇಡಿ. ಕರೆಂಟ್ ಹೋಗುವ ಮನೆಯಲ್ಲಿ ಗ್ಯಾಸ್ ಹೇಗೂ ಇರಲೇಬೇಕು.

ಖರ್ಚಿಲ್ಲದೆ ಆಗುವುದು ಬೇಕಾದಷ್ಟಿದೆ. ಬೇಳೆಕಾಳು ಮೊದಲೇ ನೆನೆಸಿ, ಪಾತ್ರೆಗೆ ಮುಚ್ಚಳ ಹಾಕಿ, ಉರಿ ತಳದ ಅಂಚು ದಾಟದಂತೆ ನೋಡಿಕೊಳ್ಳಿ. ಕುಕ್ಕರಿನಲ್ಲಿ ಒತ್ತಡ ತುಂಬಿತೆಂದರೆ ಒಳಗಿನ ಶಾಖ ಸುಮಾರು 120 ಡಿಗ್ರಿಯಲ್ಲೇ ನಿಲ್ಲುತ್ತದೆ, ದೊಡ್ಡ ಉರಿಯಿಂದ ಹೆಚ್ಚುವುದು ಹೊರಹೋಗುವ ಆವಿ ಮಾತ್ರ. ಮೊದಲ ಸೀಟಿಯ ನಂತರ ಉರಿ ಸಣ್ಣದಾಗಲಿ. ಪಕ್ಕದಿಂದ ಆವಿ ಸೋರಿದರೆ ಗ್ಯಾಸ್ಕೆಟ್ ಬದಲಿಸಿ.

ಪಾತ್ರೆಯ ತಳಕ್ಕೆ ಮಸಿ ಹಿಡಿದು ಉರಿ ಹಳದಿಯಾಗಿದ್ದರೆ ಗ್ಯಾಸಿಗೆ ಸಾಕಷ್ಟು ಗಾಳಿ ಬೆರೆಯುತ್ತಿಲ್ಲ. ಆರಿದ ಬರ್ನರನ್ನು ಸೋಪಿನ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ತೂತುಗಳನ್ನು ಪಿನ್ನಿನಿಂದ ಬಿಡಿಸಿ, ಪೂರ್ತಿ ಒಣಗಿದ ಮೇಲೆ ಕೂರಿಸಿ. ಆಮೇಲೂ ನೀಲಿಗೆ ತಿರುಗದಿದ್ದರೆ ಜೆಟ್ (ಗ್ಯಾಸ್ ಚಿಮ್ಮುವ ಸಣ್ಣ ತೂತಿನ ಬಿಡಿಭಾಗ) ಅಥವಾ ಗಾಳಿಯ ಕಿಂಡಿ ಕಟ್ಟಿರಬಹುದು. ಅದನ್ನು ಮೆಕ್ಯಾನಿಕ್ಕೇ ಬಿಚ್ಚಲಿ.