ಉಯಿಲಿಗೆ ಸ್ಟಾಂಪ್ ಪೇಪರ್ ಬೇಕಿಲ್ಲ

"ಸ್ಟಾಂಪ್ ಪೇಪರಿನಲ್ಲಿ ಬರೆದು ನೋಂದಣಿ ಮಾಡಿಸದ ಉಯಿಲು ನಡೆಯುವುದಿಲ್ಲ" ಎಂದು ವಾಟ್ಸಾಪ್‌ನಲ್ಲಿ ಓಡಾಡುತ್ತಿರುವ ಮಾತು ತಪ್ಪು. ಇದನ್ನು ನಂಬಿ ವಯಸ್ಸಾದವರು ಉಯಿಲು ಮಾಡಿಸಿಕೊಡುವವರ ದುಬಾರಿ 'ಪ್ಯಾಕೇಜ್'ಗೆ ದುಡ್ಡು ಸುರಿದರೆ ಸಂಕಟವಾಗುತ್ತದೆ.

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಸೆಕ್ಷನ್ ಕೇಳುವುದು ಇಷ್ಟೇ: ಬರೆಸಿದವರ ಸಹಿ ಅಥವಾ ಹೆಬ್ಬೆಟ್ಟು. ಅದನ್ನು ನೋಡಿದ ಇಬ್ಬರು ಸಾಕ್ಷಿಗಳು ಅವರೆದುರೇ ಸಹಿ ಹಾಕಬೇಕು. ಬಿಳಿ ಹಾಳೆ ಸಾಕು, ನೋಟರಿ ಮುದ್ರೆಯೂ ಬೇಡ. (ಮುಸ್ಲಿಮರಿಗೆ ನಿಯಮ ಬೇರೆ.) ಆಸ್ತಿ ಪಡೆಯುವವರನ್ನೇ ಸಾಕ್ಷಿ ಮಾಡಬೇಡಿ, ಆಮೇಲೆ ತಕರಾರು ಏಳುತ್ತದೆ.

ನೋಂದಣಿ ನಿಮ್ಮಿಷ್ಟ. ಮನೆಯಲ್ಲಿ ಜಗಳದ ಸುಳಿವಿದ್ದರೆ ಖಂಡಿತ ಮಾಡಿಸಿ. ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ನೀವೇ ಹೋಗಬಹುದು, ಏಜೆಂಟ್ ಯಾಕೆ? ಆಸ್ತಿ ವಿಚಾರ ಗೋಜಲಾಗಿದ್ದರೆ ವಕೀಲರಿಗೆ ಕೊಡುವ ಫೀಸು ದಂಡ ಅಲ್ಲ. ಸುಮ್ನೆ ಸೇರಿಸುವ 'ವಾರ್ಷಿಕ ನಿರ್ವಹಣೆ'ಯಂಥವನ್ನು ಮಾತ್ರ ಬಿಲ್ಲಿನಿಂದ ತೆಗೆಸಿ.