ಮನೆಗೆ ವಿಮೆ ಉಂಟು ಅಂತ ನಂಬಿ ಕೂತವರಿಗೆ

ಕೇರಳದ ಕಾಸರಗೋಡಿನ ನಮ್ಮ ಕಡೆ ವಿಮೆ ಇಲ್ಲದ ಕಾರು ಹುಡುಕಿದರೂ ಸಿಗುವುದಿಲ್ಲ. ಕಾನೂನು ಕೇಳುತ್ತದೆ, ಪೊಲೀಸರು ಕೇಳುತ್ತಾರೆ, ಹಾಗಾಗಿ ತಪ್ಪದೆ ಕಟ್ಟುತ್ತೇವೆ. ಆದರೆ ಮೂವತ್ತು ಲಕ್ಷ ಸುರಿದು ಕಟ್ಟಿದ ಮನೆಗೆ ಯಾರೂ ಕೇಳುವುದಿಲ್ಲ, ನಾವೂ ಮಾಡಿಸುವುದಿಲ್ಲ. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಪೈವಳಿಕೆ ಕಡೆಯ ಪರಿಚಯದವರನ್ನು ಈ ಬಗ್ಗೆ ಕೇಳುತ್ತಾ ಬಂದಿದ್ದೇನೆ. ಸಿಗುವ ಉತ್ತರ ಹೆಚ್ಚಾಗಿ ಎರಡೇ. ಒಂದು, "ಮನೆಗೂ ವಿಮೆ ಉಂಟಾ?" ಇನ್ನೊಂದು, "ಲೋನ್ ತೆಗೆಯುವಾಗ ಬ್ಯಾಂಕಿನವರು ಏನೋ ಮಾಡಿಸಿದ್ದಾರೆ."

ನನಗೆ ಜಾಸ್ತಿ ಹೆದರಿಕೆ ಆಗುವುದು ಎರಡನೆಯ ಉತ್ತರ ಕೇಳಿದಾಗ. ವಿಮೆ ಇಲ್ಲ ಅಂತ ಗೊತ್ತಿದ್ದವರು ಇವತ್ತಲ್ಲ ನಾಳೆ ಮಾಡಿಸಿಯಾರು. ಉಂಟು ಅಂತ ನಂಬಿದವರು ಆ ಕಾಗದವನ್ನು ಬಿಡಿಸಿಯೂ ನೋಡುವುದಿಲ್ಲ.

ನಮ್ಮ ನೆರೆಕರೆಯ ಒಬ್ಬರು ಮಾವನ ಮನೆ ಮೇಲೆ ಒಂದು ಮಳೆಗಾಲದಲ್ಲಿ ದೂಪದ ಮರ ಬಿತ್ತು. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು. ಮಾಡಿನ ಮರದ ಪಕ್ಕಾಸು, ರೀಪು ಎಲ್ಲ ಮುರಿದು ಅಡುಗೆಕೋಣೆಯೊಳಗೆ ಬಂದು ಬಿದ್ದವು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಲೋನಿನ ಜೊತೆ ವಿಮೆ ಇದೆ ಅಂತ ಮಾವನಿಗೆ ಧೈರ್ಯ ಇತ್ತು. ಬ್ಯಾಂಕಿಗೆ ಹೋಗಿ ವಿಚಾರಿಸಿದರೆ, ಲೋನ್ ತೀರಿದ ಮೇಲೆ ಆ ಪಾಲಿಸಿಯನ್ನು ಯಾರೂ ನವೀಕರಿಸಿರಲಿಲ್ಲ. ಇರುವಾಗಲೂ ಅದರಲ್ಲಿ ಬರೆದಿದ್ದ ಮೊತ್ತ ಲೋನಿನಷ್ಟೇ. ಮನೆ ಮತ್ತೆ ಕಟ್ಟಲು ಎಷ್ಟು ಬೇಕು ಅನ್ನುವ ಲೆಕ್ಕವನ್ನು ಯಾರೂ ಹಾಕಿರಲಿಲ್ಲ.

ಬ್ಯಾಂಕಿನವರಿಗೆ ಬೇಕಾದದ್ದು ಅವರ ಸಾಲದ ಭದ್ರತೆ. ಅದು ಅವರ ಕೆಲಸ, ತಪ್ಪು ಅನ್ನಲಾರೆ. ಮನೆಯ ಲೆಕ್ಕ ನೋಡಬೇಕಾದವರು ನಾವು. ಇನ್ನೊಂದು ಗೊಂದಲವೂ ಇದೆ. ಕೆಲವರಿಗೆ ಲೋನಿನ ಜೊತೆ ಕೊಟ್ಟಿರುವುದು ಮನೆಯ ವಿಮೆಯೇ ಅಲ್ಲ, ಸಾಲ ತೆಗೆದವರ ಜೀವವಿಮೆ. ಸಾಲಗಾರ ತೀರಿಕೊಂಡರೆ ಸಾಲ ಚುಕ್ತಾ ಆಗುತ್ತದೆ, ಅಷ್ಟೆ. ಮಾಡು ಹಾರಿಹೋದರೆ ಅದರಿಂದ ಒಂದು ಹಂಚೂ ಬರುವುದಿಲ್ಲ. ಕಪಾಟಿನಲ್ಲಿರುವ ಪಾಲಿಸಿ ತೆಗೆದು ಅದು ಯಾವುದರ ಮೇಲೆ, ಎಷ್ಟು ಮೊತ್ತಕ್ಕೆ, ಯಾವ ತಾರೀಕಿನವರೆಗೆ ಅಂತ ದಯವಿಟ್ಟು ಒಮ್ಮೆ ನೋಡಿ.

"ಏನಾದರೂ ಆದರೆ ಸರ್ಕಾರ ಕೊಡುತ್ತದೆ" ಅನ್ನುವವರೂ ಇದ್ದಾರೆ. ಕೊಡುತ್ತದೆ, ನಿಜ. 2022ರಿಂದ ಜಾರಿಗೆ ಬಂದ ವಿಪತ್ತು ಪರಿಹಾರ ನಿಧಿಯ ಲೆಕ್ಕದಲ್ಲಿ ಪೂರ್ತಿ ಬಿದ್ದ ಮನೆಗೆ ಬಯಲಿನಲ್ಲಿ 1,20,000 ರೂಪಾಯಿ, ಗುಡ್ಡಗಾಡಿನಲ್ಲಿ 1,30,000. ರಾಜ್ಯ ಸರ್ಕಾರ ಅದರ ಮೇಲೆ ಸೇರಿಸಿ ಕೊಡುವುದುಂಟು. 2018ರ ಪ್ರವಾಹದ ನಂತರ ಕೇರಳದಲ್ಲಿ ಪೂರ್ತಿ ಹೋದ ಮನೆಗಳಿಗೆ 4 ಲಕ್ಷ ಕೊಟ್ಟರು. ಆ ಹೊತ್ತಿಗೆ ಅದು ದೊಡ್ಡ ಆಸರೆ, ಅಲ್ಲ ಅನ್ನುವುದಿಲ್ಲ. ಆದರೆ ಇವತ್ತಿನ ಕಲ್ಲು, ಮರಳು, ಸಿಮೆಂಟು, ಕೂಲಿಯ ರೇಟಿನಲ್ಲಿ 4 ಲಕ್ಷಕ್ಕೆ ಎಷ್ಟು ಮನೆ ಏಳುತ್ತದೆ ಅಂತ ಯಾವ ಮೇಸ್ತ್ರಿಯನ್ನು ಬೇಕಾದರೂ ಕೇಳಿ ನೋಡಿ.

ಹಾಗಾದರೆ ಏನು ಮಾಡಿಸಬೇಕು? 2021ರ ಏಪ್ರಿಲ್ 1ರಿಂದ ದೇಶದಲ್ಲಿ 'ಭಾರತ್ ಗೃಹ ರಕ್ಷಾ' ಅನ್ನುವ ಪಾಲಿಸಿ ಇದೆ. ವಿಮಾ ನಿಯಂತ್ರಣ ಪ್ರಾಧಿಕಾರ ಇದರ ಷರತ್ತುಗಳನ್ನು ತಾನೇ ಬರೆದು, ಬೆಂಕಿ ವಿಮೆ ಮಾರುವ ಎಲ್ಲ ಕಂಪೆನಿಗಳೂ ಕೊಡಲೇಬೇಕು ಅಂತ ಆಗ ಮಾಡಿತು. ಮೂಲ ಷರತ್ತು ಎಲ್ಲ ಕಡೆ ಒಂದೇ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕಂಪ, ಗುಡ್ಡ ಜರಿತ, ಮನೆ ಮೇಲೆ ಮರ ಬೀಳುವುದು, ಇಷ್ಟೂ ಅದರಲ್ಲಿ ಸೇರಿದೆ. ಮನೆ ಅಂದರೆ ಗೋಡೆ, ಮಾಡು ಮಾತ್ರ ಅಲ್ಲ. ಕಂಪೌಂಡ್ ಗೋಡೆ, ಗೇಟು, ತಡೆಗೋಡೆ, ನೀರಿನ ಟ್ಯಾಂಕಿ, ಗೋಬರ್ ಗ್ಯಾಸ್, ಸೋಲಾರ್ ಪ್ಯಾನೆಲ್ ಕೂಡ ಮನೆಯ ಭಾಗವೇ. ನಮ್ಮ ಜಾಗಕ್ಕೆ ಇದು ಒಳ್ಳೆಯ ಸುದ್ದಿ. ಒಂದೊಂದು ಮಳೆಗಾಲಕ್ಕೆ ಎಷ್ಟು ತಡೆಗೋಡೆ ಬೀಳುತ್ತವೆ ಅಂತ ನಮಗೆ ಗೊತ್ತಲ್ವಾ.

ಇನ್ನು ಮೊತ್ತದ ವಿಷಯ. ಹೆಚ್ಚಿನವರು ಎಡವುವುದು ಇಲ್ಲೇ. ಜಾಗದ ಬೆಲೆ ಸೇರಿಸಬೇಡಿ, ಜಾಗ ಎಲ್ಲಿಗೂ ಹೋಗುವುದಿಲ್ಲ. ಅಪ್ಪ 1985ರಲ್ಲಿ ಎಷ್ಟಕ್ಕೆ ಕಟ್ಟಿಸಿದರು ಅನ್ನುವುದೂ ಬೇಡ. ಈಗಿರುವ ಮನೆಯನ್ನು ಇವತ್ತಿನ ರೇಟಿನಲ್ಲಿ ಮತ್ತೆ ಕಟ್ಟಲು ಎಷ್ಟು ಬೇಕು, ಅದೇ ಮೊತ್ತ. 1,200 ಚದರ ಅಡಿಯ ಮನೆಗೆ ಅಡಿಗೆ 2,000 ರೂಪಾಯಿ ಹಿಡಿದರೆ 24 ಲಕ್ಷ. ಆಮೇಲೆ ಮಾಳಿಗೆ ಎಬ್ಬಿಸಿದ್ದರೆ, ಹಿಂದೆ ಕೋಣೆ ಇಳಿಸಿದ್ದರೆ ಅದನ್ನೂ ಸೇರಿಸಿ ಅಳತೆ ಕೊಡಿ. ಕಂಪೆನಿ ಲೆಕ್ಕ ಹಾಕುವುದು ನೀವು ಬರೆಸಿದ ಅಳತೆಯ ಮೇಲೆ. ಹೀಗೆ ಮನೆಗೆ 24 ಲಕ್ಷ ಬರೆಸಿದರೆ ಅದರ 20%, ಅಂದರೆ 4.8 ಲಕ್ಷ, ಒಳಗಿನ ಸಾಮಾನುಗಳಿಗೆ ತನ್ನಷ್ಟಕ್ಕೆ ಸಿಗುತ್ತದೆ. ಇದಕ್ಕೆ ಮಿತಿ 10 ಲಕ್ಷ. ಅದಕ್ಕಿಂತ ಜಾಸ್ತಿ ಸಾಮಾನು ಇದ್ದವರು ಪಟ್ಟಿ ಕೊಟ್ಟು ಏರಿಸಿಕೊಳ್ಳಬಹುದು.

ಹಳೆಯ ಬೆಂಕಿ ವಿಮೆಗಳಲ್ಲಿ ಒಂದು ಕೆಟ್ಟ ಲೆಕ್ಕ ಇತ್ತು. 20 ಲಕ್ಷದ ಮನೆಗೆ 10 ಲಕ್ಷದ ವಿಮೆ ಮಾಡಿಸಿದ್ದರೆ, 4 ಲಕ್ಷ ಹಾನಿಯಾದಾಗ 2 ಲಕ್ಷ ಮಾತ್ರ ಕೊಡುತ್ತಿದ್ದರು. ಈ ಪಾಲಿಸಿಯಲ್ಲಿ ಮನೆಗೆ ಆ ಕಡಿತ ಇಲ್ಲ. ಹಾಗಂತ ಕಡಿಮೆ ಮೊತ್ತ ಬರೆಸಿದರೂ ಸಾಕು ಅಂದುಕೊಳ್ಳಬೇಡಿ. ಮನೆ ಪೂರ್ತಿ ಹೋದಾಗ ಬರೆಸಿದ್ದಕ್ಕಿಂತ ಜಾಸ್ತಿ ಬರುವುದಿಲ್ಲ.

ಇಷ್ಟು ಹೊಗಳಿದ ಮೇಲೆ ಅದರಲ್ಲಿ ಏನಿಲ್ಲ ಅನ್ನುವುದನ್ನೂ ಹೇಳಬೇಕು. ಕಾಸರಗೋಡಿನವರಿಗೆ ಅದೇ ಮುಖ್ಯ. ಏಜೆಂಟರು ಹೇಳದೆ ಬಿಡುವುದೂ ಅದನ್ನೇ.

ಮೊದಲು ಗುಡ್ಡ. ಗುಡ್ಡ ಜರಿದರೆ ವಿಮೆ ಉಂಟು ಅಂದೆ. ಆದರೆ ಅದರ ಕೆಳಗೆ ಬರೆದ ಸಾಲುಗಳನ್ನು ಓದಿ. ಮಣ್ಣು ತುಂಬಿಸಿ ಎಬ್ಬಿಸಿದ ಜಾಗ ಕುಸಿದರೆ ಇಲ್ಲ. ಕೆಲಸವೇ ಕಳಪೆಯಾಗಿದ್ದರೆ ಇಲ್ಲ. ಕಟ್ಟಡ ಕೆಲಸದಿಂದಲೋ ನೆಲ ಅಗೆದದ್ದರಿಂದಲೋ ಜರಿದರೆ ಇಲ್ಲ. ಈಗ ನಮ್ಮ ಮನೆಗಳು ಇರುವ ಜಾಗ ನೆನಪು ಮಾಡಿಕೊಳ್ಳಿ. ಗುಡ್ಡದ ಒಂದು ಬದಿ ಜೆಸಿಬಿಯಲ್ಲಿ ಕಡಿದು, ಆ ಮಣ್ಣನ್ನೇ ಇನ್ನೊಂದು ಬದಿಗೆ ತುಂಬಿಸಿ ಮಾಡಿದ ತಟ್ಟುಗಳೇ ಹೆಚ್ಚು. ಹಿಂದೆ ಎರಡಾಳು ಎತ್ತರದ ಬರೆ (ಕಡಿದ ಗುಡ್ಡದ ಮಣ್ಣಿನ ಗೋಡೆ), ಮುಂದೆ ತುಂಬಿಸಿದ ಮಣ್ಣು. ಹತ್ತಿರದಲ್ಲಿ ಕೆಂಪುಕಲ್ಲಿನ ಕೋರೆ ಇದ್ದರೆ ಕೇಳುವುದೇ ಬೇಡ. ಹೆದ್ದಾರಿ 66ಕ್ಕಾಗಿ ಕಡಿದ ಗುಡ್ಡಗಳ ಪಾಡು ಕಣ್ಣೆದುರೇ ಇದೆ. 2025ರ ಜುಲೈಯಲ್ಲಿ ಚೆರುವತ್ತೂರಿನ ವೀರಮಲೆ ಗುಡ್ಡ ರಸ್ತೆಗೇ ಇಳಿದು ಬಂತು. ಅಂಥ ಕಡೆ ಮನೆ ಹೋದರೆ "ಮಳೆಗೆ ಜರಿದದ್ದು" ಅಂತ ನಾವು, "ಅಗೆದದ್ದಕ್ಕೆ ಜರಿದದ್ದು" ಅಂತ ಕಂಪೆನಿ. ಈ ಜಗಳದಲ್ಲಿ ಕೈಯಲ್ಲಿ ದಾಖಲೆ ಇಲ್ಲದವರು ಸೋಲುತ್ತಾರೆ. ಬರೆಯ ಫೋಟೋ, ತಡೆಗೋಡೆ ಕಟ್ಟಿದ ಬಿಲ್ಲು, ಅಪಾಯ ಇದೆ ಅಂತ ಪಂಚಾಯತಿಗೋ ವಿಲೇಜ್ ಆಫೀಸಿಗೋ ಕೊಟ್ಟ ಅರ್ಜಿಯ ಪ್ರತಿ, ಎಲ್ಲ ಮಳೆಗಾಲಕ್ಕೆ ಮೊದಲೇ ತೆಗೆದಿಡಿ.

ಕಡಲ ಬದಿಯವರ ಕಷ್ಟ ಇನ್ನೂ ದೊಡ್ಡದು. ಕಡಲು ಕೊರೆದು, ಹೊಳೆ ಕೊರೆದು ನೆಲ ಹೋದರೆ ಈ ಪಾಲಿಸಿಯಲ್ಲಿ ಪರಿಹಾರವೇ ಇಲ್ಲ. ಉಪ್ಪಳದ ಮುಸೋಡಿಯಲ್ಲಿ, ಕುಂಬಳೆಯ ಕೊಯಿಪ್ಪಾಡಿಯಲ್ಲಿ ಕಡಲ್ಕೊರೆತದ ಹೆದರಿಕೆಯಲ್ಲೇ ಬದುಕುವವರಿಗೆ "ವಿಮೆ ಮಾಡಿಸಿ" ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಬಿರುಗಾಳಿ, ಬೆಂಕಿಗೆ ಅವರಿಗೂ ಪಾಲಿಸಿ ಆಗುತ್ತದೆ. ಆದರೆ ಅವರ ದೊಡ್ಡ ಅಪಾಯಕ್ಕೆ ಆಗುವುದಿಲ್ಲ. ಇದಕ್ಕೆ ಸರ್ಕಾರವೇ ದಾರಿ ಮಾಡಬೇಕು. ಜನಪ್ರತಿನಿಧಿಗಳನ್ನು ನಾವು ಬಿಡದೆ ಕೇಳಬೇಕಾದ ವಿಷಯ ಇದು.

ಆಮೇಲೆ ಸಿಡಿಲು. ತುಲಾ ತಿಂಗಳ ಸಂಜೆಯ ಸಿಡಿಲು ನಮಗೆ ಹೊಸತಲ್ಲ. ಗೋಡೆ ಸೀಳಿದರೆ, ಮಾಡಿಗೆ ಬೆಂಕಿ ಹತ್ತಿದರೆ ಪರಿಹಾರ ಇದೆ. ಆದರೆ ಸಿಡಿಲಿನ ಹೊಡೆತಕ್ಕೆ ಲೈನಿನಲ್ಲಿ ಕರೆಂಟು ಏರಿ ಟಿವಿ, ಫ್ರಿಜ್ಜು, ಇನ್ವರ್ಟರ್ ಸುಟ್ಟರೆ ಆ ಉಪಕರಣಕ್ಕೆ ಮೂಲ ಪಾಲಿಸಿಯಲ್ಲಿ ಪರಿಹಾರ ಇಲ್ಲ. ಷಾರ್ಟ್ ಸರ್ಕ್ಯೂಟ್ ಯಾವ ಕಾರಣಕ್ಕೆ ಆಗಿದ್ದರೂ, ಸಿಡಿಲೇ ಕಾರಣ ಆಗಿದ್ದರೂ, ಸುಟ್ಟ ಯಂತ್ರವನ್ನು ಹೊರಗಿಟ್ಟಿದ್ದಾರೆ. ಅದರಿಂದ ಬೆಂಕಿ ಎದ್ದು ಮನೆಗೆ ಹಬ್ಬಿದರೆ ಮನೆಯ ಹಾನಿಗೆ ಕೊಡುತ್ತಾರೆ. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಮಂದಿ ವಿಮೆಯೇ ಮೋಸ ಅಂತ ಬೈದುಕೊಂಡು ಬಿಡುತ್ತಾರೆ.

ಕಳ್ಳತನವೂ ಮೂಲ ಪಾಲಿಸಿಯಲ್ಲಿ ಇಲ್ಲ. ಬೆಂಕಿಯೋ ನೆರೆಯೋ ಬಂದ ಮೇಲೆ 7 ದಿನದೊಳಗೆ ಕಳವಾದರೆ ಮಾತ್ರ ಕೊಡುತ್ತಾರೆ. ಉಳಿದ ಕಳ್ಳತನಕ್ಕೆ, ಚಿನ್ನಕ್ಕೆ ಬೇರೆಯಾಗಿ ಸೇರಿಸಿಕೊಳ್ಳಬೇಕು. ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇದ್ದು ಊರಿನ ಮನೆಗೆ ಬೀಗ ಹಾಕಿರುವವರು ಮನೆಯಲ್ಲಿ ಯಾರೂ ವಾಸ ಇಲ್ಲ ಅಂತ ಕಂಪೆನಿಗೆ ಬರಹದಲ್ಲಿ ತಿಳಿಸಿ. ಹಳೆಯ ಬೆಂಕಿ ಪಾಲಿಸಿಗಳಲ್ಲಿ ಮನೆ 30 ದಿನಕ್ಕಿಂತ ಜಾಸ್ತಿ ಖಾಲಿ ಬಿದ್ದರೆ ರಕ್ಷಣೆಯೇ ನಿಂತುಹೋಗುವ ಷರತ್ತು ಇತ್ತು. ನಿಮ್ಮದರಲ್ಲಿ ಏನಿದೆ ಅಂತ ಕೇಳಿ ತಿಳಿದುಕೊಳ್ಳಿ.

ಅಟ್ಟದ ಮೇಲಿನ ಅಡಿಕೆಯ ವಿಷಯ ಬಿಡುವ ಹಾಗಿಲ್ಲ. ರೇಟು ಏರಲಿ ಅಂತ ಚಾಲಿ ಅಡಿಕೆಯನ್ನು ಗೋಣಿ ಕಟ್ಟಿ ಅಟ್ಟಕ್ಕೆ ಹಾಕಿರುತ್ತೇವೆ. ಲಕ್ಷಗಟ್ಟಲೆ ಬೆಲೆಯ ಮಾಲು. ಅದು ಮಾರಾಟದ ದಾಸ್ತಾನು. ಮನೆಯ ಸಾಮಾನಿನ ಜೊತೆ ತನ್ನಷ್ಟಕ್ಕೆ ಸೇರುತ್ತದೆ ಅಂತ ನಂಬಬೇಡಿ. ರಬ್ಬರ್ ಶೀಟ್ ಒಣಗಿಸುವ ಹೊಗೆಮನೆ, ಹಟ್ಟಿ, ತೋಟದ ಪಂಪ್ ಶೆಡ್ಡು ಕೂಡ ಹಾಗೆಯೇ. ಹೊಗೆಮನೆಗೆ ಬೆಂಕಿ ಬೀಳುವುದು ನಮ್ಮಲ್ಲಿ ಅಪರೂಪ ಅಲ್ಲ. ಒಂದೊಂದನ್ನೂ ಹೆಸರು ಹೇಳಿ ಬರೆಸಿ, ಅದಕ್ಕೆ ಬೇರೆ ಪಾಲಿಸಿ ಬೇಕು ಅಂದರೆ ಬೇರೆಯೇ ಮಾಡಿಸಿ. ತೋಟದ ಮರಗಳಿಗೆ ಕೃಷಿ ಭವನದ ಬೆಳೆವಿಮೆ, ದನಗಳಿಗೆ ಜಾನುವಾರು ವಿಮೆ ಇವೆ.

ದಾಖಲೆಯ ವಿಷಯದಲ್ಲಿ ಒಂದು ಮಾತು. ಎಷ್ಟೋ ತರವಾಡು ಮನೆಗಳು ಈಗಲೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇವೆ. ಪಾಲು ಆಗಿಲ್ಲ, ಆಗಿದ್ದರೂ ಮನೆ ನಂಬ್ರ ಬದಲಾಗಿಲ್ಲ. ಪ್ರೀಮಿಯಂ ತೆಗೆದುಕೊಳ್ಳುವಾಗ ಯಾರೂ ಕೇಳದ ಪ್ರಶ್ನೆಯನ್ನು ಹಣ ಕೊಡುವಾಗ ಕೇಳುತ್ತಾರೆ. ಮನೆ ತೆರಿಗೆ ರಶೀದಿ ಯಾರ ಹೆಸರಿಗಿದೆ, ಪಾಲಿಸಿ ಯಾರ ಹೆಸರಿಗಿದೆ ಅಂತ ಈಗಲೇ ಹೋಲಿಸಿ ನೋಡಿ.

ಮಾಡಿಸಿದ ಪಾಲಿಸಿಯನ್ನು ಉಳಿಸಿಕೊಳ್ಳುವುದು ಇನ್ನೊಂದು ಕೆಲಸ. ಮನೆ ಇಲ್ಲದವರಿಗಾಗಿ ಇರುವ ಸರ್ಕಾರಿ ಯೋಜನೆ ಲೈಫ್ ಮಿಷನ್‌ನಲ್ಲಿ ಕಟ್ಟಿದ ಮನೆಗಳಿಗೆ 2021ರಲ್ಲಿ ಕೇರಳ ಸರ್ಕಾರವೇ 4 ಲಕ್ಷದ ವಿಮೆ ಮಾಡಿಸಿ, ಮೂರು ವರ್ಷದ ಪ್ರೀಮಿಯಂ ಕಟ್ಟಿತು. ಆಮೇಲೆ ಮುಂದುವರಿಸುವುದು ಮನೆಯವರಿಗೆ ಬಿಟ್ಟದ್ದು. ಒಳ್ಳೆಯ ಯೋಜನೆ. ಆದರೆ ನಿಮ್ಮ ಪರಿಚಯದಲ್ಲಿ ಅಂಥ ಮನೆ ಇದ್ದರೆ ಹೋಗಿ ವಿಚಾರಿಸಿ. ಆ ಮೂರು ವರ್ಷ ಕಳೆದುಹೋಗಿದೆ. ಇದೇ ಕಾರಣಕ್ಕೆ ನಾನು ಕೇಳಿದವರಿಗೆಲ್ಲ ದೀರ್ಘಾವಧಿ ಪಾಲಿಸಿ ನೋಡಿ ಅನ್ನುತ್ತೇನೆ. ಭಾರತ್ ಗೃಹ ರಕ್ಷಾವನ್ನು 10 ವರ್ಷದವರೆಗೆ ಒಟ್ಟಿಗೆ ಮಾಡಿಸಬಹುದು. ಮನೆಯ ಮೊತ್ತ ವರ್ಷಕ್ಕೆ 10% ತಾನಾಗಿ ಏರುತ್ತದೆ, ಅದಕ್ಕೆ ಬೇರೆ ಪ್ರೀಮಿಯಂ ಇಲ್ಲ. ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಇರುವ ಮನೆಗಳಿಗೆ ಇದು ಸರಿ. ಪ್ರತಿ ವರ್ಷ ತಾರೀಕು ನೆನಪಿಡುವ ಕೆಲಸ ಅವರಿಗೆ ಬೇಡ.

2025ರ ಸೆಪ್ಟೆಂಬರ್‌ನಲ್ಲಿ ವೈಯಕ್ತಿಕ ಜೀವವಿಮೆ, ಆರೋಗ್ಯವಿಮೆಗಳ ಜಿಎಸ್‌ಟಿ ತೆಗೆದರು. ಮನೆ ವಿಮೆಗೆ ತೆಗೆಯಲಿಲ್ಲ. ತೆಗೆಯಬೇಕಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ವಯನಾಡಿನ ಮುಂಡಕೈ, ಚೂರಲ್‌ಮಲೆಯಲ್ಲಿ 2024ರ ಜುಲೈಯಲ್ಲಿ ಗುಡ್ಡ ಜರಿದು ಆದದ್ದನ್ನು ನೋಡಿದ ಮೇಲೂ ಹಳ್ಳಿಮನೆಯ ವಿಮೆ ಅನುಕೂಲಸ್ಥರ ವಿಷಯ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಹಾನಿ ಆದಾಗ ಕಂಪೆನಿಗೆ ಕೂಡಲೇ ತಿಳಿಸಿ. ನಮ್ಮ ಜನಕ್ಕೆ ಅಂಗಳ ಗುಡಿಸಿ ಚೊಕ್ಕ ಮಾಡದೆ ಸಮಾಧಾನ ಇರುವುದಿಲ್ಲ. ಹಾನಿ ಲೆಕ್ಕ ಹಾಕಲು ಕಂಪೆನಿ ಕಳಿಸುವ ಸರ್ವೇಯರ್ ಬರುವ ಮೊದಲು ಹಂಚು, ಮರ, ಕಲ್ಲು ಯಾವುದನ್ನೂ ಸಾಗಿಸಬೇಡಿ. ಮಳೆ ಒಳಗೆ ಬಾರದ ಹಾಗೆ ಟಾರ್ಪಾಲು ಹಾಕಿ, ಎಲ್ಲ ಬದಿಯಿಂದ ಫೋಟೋ ತೆಗೆಯಿರಿ. ವಿಲೇಜ್ ಆಫೀಸಿಗೆ ತಿಳಿಸಿ, ಬೆಂಕಿ ಆದರೆ ಅಗ್ನಿಶಾಮಕ ದಳದ ವರದಿ ಕೇಳಿ ಪಡೆಯಿರಿ.

ಕಂಪೆನಿ ಇಲ್ಲ ಅಂದರೆ ಅಲ್ಲಿಗೆ ಮುಗಿಯಲಿಲ್ಲ. ಮೊದಲು ಕಂಪೆನಿಗೇ ಬರಹದಲ್ಲಿ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆ ಆಗದಿದ್ದರೆ, ವಿಮೆಯ ದೂರು ವಿಚಾರಿಸಿ ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಕೇರಳಕ್ಕೆ ಅವರ ಕಚೇರಿ ಕೊಚ್ಚಿಯಲ್ಲಿದೆ. ಶುಲ್ಕ ಇಲ್ಲ, ವಕೀಲರೂ ಬೇಡ. ಒಂದು ವರ್ಷದೊಳಗೆ ದೂರು ಹೋಗಬೇಕು.

ಕೊನೆಯದಾಗಿ ನಮ್ಮ ಸರ್ವೀಸ್ ಸಹಕಾರಿ ಬ್ಯಾಂಕ್‌ಗಳ ಆಡಳಿತದಲ್ಲಿ ಇರುವವರಿಗೆ ಒಂದು ಕೋರಿಕೆ. ಮಳೆಗಾಲಕ್ಕೆ ಮೊದಲು, ಮೇ ತಿಂಗಳಲ್ಲಿ, ಒಂದು ದಿನ ಸದಸ್ಯರನ್ನು ಕರೆಯಿರಿ. ವಿಮೆ ಕಂಪೆನಿಯವರನ್ನೂ ಕೂರಿಸಿ. ಮಲಯಾಳ, ಇಂಗ್ಲಿಷ್ ಓದಲು ಬಾರದ ಹಿರಿಯರಿಗೆ ಪಾಲಿಸಿಯನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಒಬ್ಬರು ಅಲ್ಲಿ ಇರಲಿ. ನೀರ್ಚಾಲು, ಬದಿಯಡ್ಕ ಸುತ್ತಮುತ್ತ ಎಲ್ಲಿ ಮಾಡಿದರೂ ಆ ಕೆಲಸಕ್ಕೆ ನಾನು ಬರುತ್ತೇನೆ.