ಸಮವಸ್ತ್ರವಿಲ್ಲದ ಶಾಂತಿ ಕೆಲಸಕ್ಕೆ ತರಬೇತಿ ಎಲ್ಲಿ?

ನಾನಿರುವ ಜರ್ಮನಿಯಲ್ಲಿ ಶಾಂತಿ ಕೆಲಸವೂ ಸಂಬಳ, ರಜೆ, ವಿಮೆ ಇರುವ ಒಂದು ವೃತ್ತಿ. 1999ರಲ್ಲಿ ಇಲ್ಲಿನ ಸರ್ಕಾರ ನಾಗರಿಕ ಶಾಂತಿ ಸೇವೆ ಎಂಬ ಯೋಜನೆ ಶುರುಮಾಡಿತು. ಅದಕ್ಕೆ ಆಯ್ಕೆಯಾದವರು ಸಂಘರ್ಷವನ್ನು ವಿಶ್ಲೇಷಿಸುವುದು, ಮಧ್ಯಸ್ಥಿಕೆ, ತಮ್ಮ ಸುರಕ್ಷತೆ ಇವನ್ನೆಲ್ಲ ಕಲಿತು ಕೊಲಂಬಿಯಾಕ್ಕೋ ಕಾಂಬೋಡಿಯಾಕ್ಕೋ ಲೆಬನಾನಿಗೋ ಹೋಗುತ್ತಾರೆ. ಸಾಮಾನ್ಯವಾಗಿ ಎರಡು ಮೂರು ವರ್ಷ ಅಲ್ಲಿನ ಸಂಸ್ಥೆಯೊಂದರ ಜೊತೆಗಿದ್ದು ದುಡಿಯುತ್ತಾರೆ. 2002ರಲ್ಲಿ ಬರ್ಲಿನ್ನಿನಲ್ಲಿ ಶುರುವಾದ ಇನ್ನೊಂದು ಕೇಂದ್ರ ಚುನಾವಣಾ ವೀಕ್ಷಕರನ್ನೂ ನಾಗರಿಕ ತಜ್ಞರನ್ನೂ ತಯಾರು ಮಾಡಿ ಪಟ್ಟಿ ಇಟ್ಟುಕೊಳ್ಳುತ್ತದೆ. ಅಂತರರಾಷ್ಟ್ರೀಯ ಕಾರ್ಯಾಚರಣೆಯಿಂದ ಕರೆ ಬಂದಾಗ ಆ ಪಟ್ಟಿಯಿಂದ ಜನ ಹೊರಡುತ್ತಾರೆ.

ನಮ್ಮಲ್ಲಿ ಈ ಮಾತೆತ್ತಿದರೆ ಕಣ್ಣಮುಂದೆ ಬರುವುದು ನೀಲಿ ಹೆಲ್ಮೆಟ್ಟಿನ ಸೈನಿಕ. ಅದು ಸಹಜವೇ. ವಿಶ್ವಸಂಸ್ಥೆಯ ಕಾರ್ಯಾಚರಣೆಗಳಿಗೆ ಭಾರತ ಇಲ್ಲಿಯವರೆಗೆ 2 ಲಕ್ಷ 90 ಸಾವಿರಕ್ಕೂ ಹೆಚ್ಚು ಮಂದಿಯನ್ನು ಕಳಿಸಿದೆ. 2000ದಿಂದ ದೆಹಲಿಯಲ್ಲಿ ಇದಕ್ಕೆಂದೇ ತರಬೇತಿ ಕೇಂದ್ರವಿದೆ. 2007ರಲ್ಲಿ ಲೈಬೀರಿಯಾಕ್ಕೆ ಹೋದ ಮಹಿಳಾ ಪೊಲೀಸ್ ತುಕಡಿ ಇಡೀ ಲೋಕಕ್ಕೆ ಮಾದರಿಯಾಯಿತು. ಸಮವಸ್ತ್ರದವರ ತರಬೇತಿಯಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಆದರೆ ಬಂದೂಕಿಲ್ಲದೆ ಎರಡು ಊರುಗಳ ನಡುವೆ ಓಡಾಡಿ ಮಾತು ಜೋಡಿಸಬೇಕಾದವರಿಗೆ ಇಷ್ಟು ದೊಡ್ಡ ದೇಶದಲ್ಲಿ ಅಂಥ ಗಟ್ಟಿ ವ್ಯವಸ್ಥೆ ಬೆಳೆಯಲಿಲ್ಲ.

ಇದು ನೋವಿನ ಸಂಗತಿ, ಏಕೆಂದರೆ ಈ ದಾರಿಯಲ್ಲಿ ಮೊದಲು ನಡೆದವರಲ್ಲಿ ನಾವೂ ಇದ್ದೆವು. ಶಾಂತಿಸೈನಿಕ ಸಾಧ್ಯವಾದಷ್ಟೂ ಆ ಪ್ರದೇಶದವನೇ ಆಗಿರಬೇಕು, ಗಲಭೆ ಹುಟ್ಟುವ ಮೊದಲೇ ಸೇವೆಯ ಮೂಲಕ ಜನರ ಪರಿಚಯ ಗಳಿಸಿರಬೇಕು ಎಂದು ಗಾಂಧಿ 1938ರಲ್ಲೇ ಬರೆದಿದ್ದರು. 1957ರಲ್ಲಿ ವಿನೋಬಾ ಶಾಂತಿಸೇನೆ ಕಟ್ಟಿದರು. 1964ರಲ್ಲಿ ಜಯಪ್ರಕಾಶ ನಾರಾಯಣ, ಅಸ್ಸಾಮಿನ ಮುಖ್ಯಮಂತ್ರಿ ಚಾಲಿಹಾ, ಪಾದ್ರಿ ಮೈಕೆಲ್ ಸ್ಕಾಟ್ ಸೇರಿ ನಾಗಾಲ್ಯಾಂಡಿನಲ್ಲಿ ಸರ್ಕಾರಕ್ಕೂ ನಾಗಾ ಬಂಡುಕೋರರಿಗೂ ನಡುವೆ ಕದನವಿರಾಮ ತಂದರು. ಅದು ಪಾಲನೆಯಾಗುತ್ತಿದೆಯೇ ಎಂದು ನೋಡಲು ನಾಗರಿಕ ವೀಕ್ಷಕರ ತಂಡವೂ ಇತ್ತು. ಶಾಂತಿಸೇನೆಯ ಅನುಭವ ಹೊತ್ತ ನಾರಾಯಣ ದೇಸಾಯಿ 1981ರಲ್ಲಿ ಕೆನಡಾದಲ್ಲಿ, ಸಂಘರ್ಷದ ಜಾಗಗಳಿಗೆ ನಿರಾಯುಧ ಸ್ವಯಂಸೇವಕರನ್ನು ಕಳಿಸುವ ‘ಪೀಸ್ ಬ್ರಿಗೇಡ್ಸ್ ಇಂಟರ್‌ನ್ಯಾಷನಲ್’ ಸ್ಥಾಪಿಸಿದವರಲ್ಲಿ ಒಬ್ಬರು. ಪಶ್ಚಿಮದ ಸಂಸ್ಥೆಗಳು ಇಂಥ ಕೆಲಸಕ್ಕೆ ಪಠ್ಯಕ್ರಮ, ಸಂಬಳ, ವಿಮೆ, ಮೇಲ್ವಿಚಾರಣೆ ಎಲ್ಲವನ್ನೂ ಸೇರಿಸಿ ವೃತ್ತಿಯಾಗಿಸಿದವು. ನಮ್ಮಲ್ಲಿ ಅದು ಹಿರಿಯರ ತ್ಯಾಗದ ನೆನಪಾಗಿ ಉಳಿಯಿತು. ತ್ಯಾಗವೊಂದನ್ನೇ ನಂಬಿದ ಕೆಲಸ ತ್ಯಾಗಿಗಳ ಜೊತೆಗೇ ಮುಗಿದುಹೋಗುತ್ತದೆ.

ಹಾಗಂತ ಜರ್ಮನಿಯ ದಾರಿಯನ್ನೇ ತಂದು ನೆಡಿ ಎನ್ನಲಾರೆ. ಹೊರಗಿನಿಂದ ಹೋದವರಿಗೆ ವಿಧಾನ ಗೊತ್ತಿರುತ್ತದೆ, ಜನ ಗೊತ್ತಿರುವುದಿಲ್ಲ. ಯಾರ ಮಾತಿಗೆ ಯಾರು ತಲೆಬಾಗುತ್ತಾರೆ, ಯಾವ ಎರಡು ಮನೆತನಗಳ ಹಳೆಯ ಜಮೀನು ವ್ಯಾಜ್ಯ ಇಂದು ಪಕ್ಷದ ಬಾವುಟ ಹಿಡಿದು ನಿಂತಿದೆ ಎಂದು ತಿಳಿಯುವಷ್ಟರಲ್ಲಿ ಅವರ ಒಪ್ಪಂದದ ಅವಧಿ ಮುಗಿದಿರುತ್ತದೆ.

ಇದಕ್ಕೆ ಎದುರಾದ ದಾರಿಯನ್ನು ಈಶಾನ್ಯ ಕೀನ್ಯಾದ ವಜೀರ್ ತೋರಿಸಿತು. 90ರ ದಶಕದ ಮೊದಲಲ್ಲಿ ಸೋಮಾಲಿ ಕುಲಗಳ ನಡುವಿನ ಕಾದಾಟದಿಂದ ಅಲ್ಲಿ ಬದುಕೇ ನಿಂತುಹೋಗಿತ್ತು. ದೇಖಾ ಇಬ್ರಾಹಿಂ ಅಬ್ದಿ ಮತ್ತು ಇತರ ಮಹಿಳೆಯರು ಮೊದಲು ಹಿಡಿದದ್ದು ಮಾರುಕಟ್ಟೆಯನ್ನು: ಯಾವ ಕುಲದವರೇ ಬರಲಿ, ಇಲ್ಲಿ ಮಾರಲು ಕೊಳ್ಳಲು ಅಡ್ಡಿಯಿರಕೂಡದು. ಆಮೇಲೆ ಹಿರಿಯರ ಬಳಿ ಹೋದರು, ಆಮೇಲೆ ಯುವಕರ ಬಳಿ. 1993ರಲ್ಲಿ ಹಿರಿಯರು ಒಪ್ಪಂದಕ್ಕೆ ಬಂದರು. 1995ರಲ್ಲಿ ಈ ಪ್ರಯತ್ನ ಜಿಲ್ಲಾಡಳಿತದ ಜೊತೆ ಬೆಸೆದುಕೊಂಡು ಸಮಿತಿಯಾಯಿತು. ಹಿರಿಯರು, ಮಹಿಳೆಯರು, ಧಾರ್ಮಿಕ ಮುಖಂಡರು, ಅಧಿಕಾರಿಗಳು ಇದ್ದ ತಂಡ ಎಲ್ಲೇ ಘರ್ಷಣೆ ಸುಳಿದರೂ ಕೂಡಲೇ ಹೊರಡುತ್ತಿತ್ತು. ಮಾದರಿ ದೇಶದ ಬೇರೆ ಜಿಲ್ಲೆಗಳಿಗೂ ಹಬ್ಬಿತು.

ಆದರೆ ಸಮಿತಿ ಮಾಡಿದ ಮಾತ್ರಕ್ಕೆ ಆಗಲಿಲ್ಲ. ಸರ್ಕಾರ ಮತ್ತು ಮಾವೋವಾದಿಗಳ ನಡುವಿನ 2006ರ ಶಾಂತಿ ಒಪ್ಪಂದದ ನಂತರ ನೇಪಾಳವೂ ಸ್ಥಳೀಯ ಶಾಂತಿ ಸಮಿತಿಗಳನ್ನು ರಚಿಸಿತು. ಕುರ್ಚಿಗಳನ್ನು ರಾಜಕೀಯ ಪಕ್ಷಗಳಿಗೆ ಹಂಚಲಾಯಿತು. ಸಂಚಾಲಕ ಯಾರಾಗಬೇಕೆಂಬ ಜಗಳದಲ್ಲೇ ಎಷ್ಟೋ ಜಿಲ್ಲೆಗಳ ಸಮಿತಿಗಳು ಸೊರಗಿದವು. ಜನರ ನಂಬಿಕೆ ಮೊದಲು, ಕುರ್ಚಿ ಆಮೇಲೆ ಎಂಬ ಕ್ರಮ ಅಲ್ಲಿ ತಲೆಕೆಳಗಾಗಿತ್ತು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಜನ ವಜೀರಿನ ರೀತಿಯವರಿರಲಿ, ಶಿಸ್ತು ಜರ್ಮನಿಯ ರೀತಿಯದಿರಲಿ. ಈಗಾಗಲೇ ಊರು ನಂಬುವವರನ್ನು ಆರಿಸಿ, ಅವರಿಗೆ ವೃತ್ತಿಯ ಕಸುಬು ಕಲಿಸಬೇಕು. ದಾದಿ, ಶಾಲಾ ಶಿಕ್ಷಕಿ, ಲಾರಿ ಮಾಲೀಕ, ಮೊಹಲ್ಲಾದ ಹಿರಿಯ ಯಾರಾದರೂ ಆಗಬಹುದು. ಒಂದೂರಿನಿಂದ ಒಬ್ಬರನ್ನೇ ಕರೆಯುವುದು ದೊಡ್ಡ ತಪ್ಪು. ಹೊಸ ಮಾತು ಆಡುತ್ತಾ ಹಿಂತಿರುಗಿದ ಒಬ್ಬಂಟಿಯನ್ನು ಅವರ ಕಡೆಯವರೇ ದ್ರೋಹಿ ಎನ್ನುತ್ತಾರೆ. ಒಂದು ಕಡೆಯಿಂದ ಮೂವರು, ಇನ್ನೊಂದು ಕಡೆಯಿಂದ ಮೂವರು ಬಂದರೆ ಬೆನ್ನಿಗೆ ಜನವಿರುತ್ತದೆ. ಇಂಗ್ಲಿಷ್ ಬರುವವರನ್ನೇ ಆರಿಸಿದರೆ ರಾಜಧಾನಿಯ ಅದೇ ಹತ್ತು ಮುಖಗಳು ಭತ್ಯೆ ಪಡೆದು ಶಿಬಿರದಿಂದ ಶಿಬಿರಕ್ಕೆ ಬರುತ್ತವೆ. ಸ್ಥಳೀಯ ಭಾಷೆಯಲ್ಲಿ, ಬೇಕಾದರೆ ದುಭಾಷಿ ಇಟ್ಟುಕೊಂಡು ಕಲಿಸಬೇಕು. ಪ್ರತಿ ಮಾತನ್ನೂ ಎರಡು ಸಲ ಹೇಳಬೇಕಾಗುವುದರಿಂದ ಸಮಯ ದುಪ್ಪಟ್ಟು ಹಿಡಿಯುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದೆ ವೇಳಾಪಟ್ಟಿ ಮಾಡಿದರೆ ಮೊದಲು ಕತ್ತರಿ ಬೀಳುವುದು ಚರ್ಚೆಗೆ, ಅಂದರೆ ಕಲಿಕೆಗೇ.

ಕಸುಬು ಎಂದರೇನೆಂದು ಒಂದು ಅಭ್ಯಾಸದಿಂದ ಹೇಳುತ್ತೇನೆ. ಕಲಿಯುವವರಿಗೆ ಒಂದೇ ಸಾಲು ಕೊಡಿ: “ಎರಡೂ ಕಡೆಯವರು ಕೂಡಲೇ ಗುಂಡು ಹಾರಿಸುವುದನ್ನು ನಿಲ್ಲಿಸಿ ಹಿಂದೆ ಸರಿಯತಕ್ಕದ್ದು.” ಎಲ್ಲರೂ ತಲೆಯಾಡಿಸುತ್ತಾರೆ. ಈಗ ಅದನ್ನು ಒಡೆಯಲು ಹೇಳಿ. ಕೂಡಲೇ ಎಂದರೆ ಯಾವ ದಿನ, ಎಷ್ಟು ಗಂಟೆಗೆ? ಬೆಟ್ಟದ ಮೇಲಿನ ಠಾಣೆಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು ಬೇಕು? ಎಲ್ಲಿಂದ ಹಿಂದೆ, ಎಷ್ಟು ಕಿಲೋಮೀಟರ್, ಯಾವ ನಕ್ಷೆಯ ಪ್ರಕಾರ? ಮಾರ್ಟರ್‌ಗಳೂ ಸರಿಯಬೇಕೇ, ಬಂದೂಕು ಮಾತ್ರವೇ? ಹೊಲ ನಡುವೆ ಸಿಕ್ಕಿಬಿದ್ದ ರೈತ ಕೊಯ್ಲಿಗೆ ಹೋಗಬಹುದೇ? ಸರಿದದ್ದನ್ನು ಯಾರು ನೋಡಿ ಸಹಿ ಹಾಕುತ್ತಾರೆ? ಗುಂಡಿನ ಸದ್ದು ಕೇಳಿದರೆ ಯಾರು ಯಾರಿಗೆ ಫೋನ್ ಮಾಡಬೇಕು, ಎಷ್ಟು ಗಂಟೆಯೊಳಗೆ ಉತ್ತರ ಬರಬೇಕು? ಅರ್ಧ ದಿನ ಕಳೆಯುವಷ್ಟರಲ್ಲಿ ಒಂದು ಸಾಲು ಎರಡು ಪುಟವಾಗಿರುತ್ತದೆ. ಎಷ್ಟೋ ಕದನವಿರಾಮಗಳು ಮುರಿಯುವುದು ಕೆಟ್ಟ ಮನಸ್ಸಿನಿಂದಲ್ಲ. ಈ ಪ್ರಶ್ನೆಗಳಲ್ಲಿ ಒಂದಕ್ಕೆ ಎರಡು ಕಡೆಯವರು ಎರಡು ಉತ್ತರ ಅಂದುಕೊಂಡಿದ್ದರಿಂದ.

ಪಾತ್ರ ವಹಿಸಿ ಆಡುವ ಸಂಧಾನದಲ್ಲಿ ಎಡವುವುದು ಹೆಚ್ಚು. ಮೊದಲ ಸುತ್ತಿಗೇ ಸ್ವಂತ ಊರಿನ ಸಂಘರ್ಷವನ್ನು ಎತ್ತಿಕೊಂಡರೆ ಮಾಗದ ಗಾಯ ಕೆದರಿ ಸಭೆ ಒಡೆಯುತ್ತದೆ. ವಿಶ್ವಸಂಸ್ಥೆಯ ತರಬೇತಿಗಳಲ್ಲಿ ಕರಾನಾ ಎಂಬ ಕಲ್ಪಿತ ದೇಶವನ್ನು ಬಳಸುವುದರ ಲಾಭ ಇದೇ. ಪ್ರತಿ ಪಾತ್ರಕ್ಕೂ ಒಂದು ಗುಟ್ಟಿನ ಚೀಟಿ ಕೊಡಬೇಕು: ಹೊರಗೆ ಕೇಳುವುದೇನು, ಒಳಗೆ ನಿಜಕ್ಕೂ ಬೇಕಿರುವುದೇನು, ಯಾರಿಗೆ ಹೆದರುತ್ತಾರೆ. ಎರಡು ಗಂಟೆ ಆಟವಾದರೆ ಅವಲೋಕನಕ್ಕೂ ಎರಡು ಗಂಟೆ ಬೇಕು. ಅವಲೋಕನದ ಶುರುವಿಗೇ ಪ್ರತಿಯೊಬ್ಬರೂ ತಮ್ಮ ನಿಜವಾದ ಹೆಸರು ಹೇಳಿ ಪಾತ್ರದಿಂದ ಹೊರಬರಬೇಕು. ಇದು ಸಣ್ಣ ವಿಷಯದಂತೆ ಕಾಣುತ್ತದೆ. ಬಿಟ್ಟರೆ ಆಟದ ಸಿಟ್ಟು ಊಟದ ಮನೆಗೂ ಹೋಗುತ್ತದೆ. ಇಬ್ಬರು ಕಲಿಸುವಾಗ ಮೂರನೆಯವರೊಬ್ಬರು ಯಾರ ಮುಖ ಬಾಡಿತು, ಯಾರು ಎದ್ದು ಹೊರಗೆ ಹೋದರು ಎಂದು ನೋಡುವುದಕ್ಕೇ ಇರಬೇಕು.

ಐದು ದಿನದ ಒಂದೇ ಶಿಬಿರದ ಮೇಲೆ ನನಗೆ ನಂಬಿಕೆಯಿಲ್ಲ. ಕೊನೆಯ ದಿನ ತುಂಬಿಸುವ ಫಾರಂ ಊಟ, ವಸತಿ, ಉಪನ್ಯಾಸ ಹಿಡಿಸಿತೇ ಎಂದಷ್ಟೇ ಹೇಳುತ್ತದೆ. ಅದೇ ಹಣದಲ್ಲಿ ಮೂರು ಸುತ್ತು ಮಾಡಿ, ನಡುವೆ ಹತ್ತು ಹನ್ನೆರಡು ವಾರ ಊರಿನಲ್ಲಿ ಕೆಲಸ ಕೊಡಿ. ಉದಾಹರಣೆಗೆ ವದಂತಿ ಪುಸ್ತಕ: ಕೇಳಿದ್ದು ಯಾವಾಗ, ಹೇಳಿದವರು ಕಂಡಿದ್ದೋ ಕೇಳಿದ್ದೋ, ಒಬ್ಬರಿಗೊಬ್ಬರು ಸಂಬಂಧವಿಲ್ಲದ ಇಬ್ಬರಿಂದ ಖಚಿತವಾಯಿತೇ, ಯಾರಿಗೆ ತಿಳಿಸಿದಿರಿ. ಮುಂದಿನ ಸುತ್ತಿನ ಪಾಠ ಆ ಪುಸ್ತಕದಿಂದಲೇ ಹುಟ್ಟುತ್ತದೆ. ಶಿಬಿರದ ಫೋಟೊ ಮಾತ್ರ ಜಾಲತಾಣಕ್ಕೆ ಹೋಗಬಾರದು. ಶತ್ರುಪಾಳಯದವರ ಪಕ್ಕ ನಿಂತ ಒಂದು ಚಿತ್ರ ಸಾಕು, ಜೀವಕ್ಕೇ ಅಪಾಯ.

ಸಹಿ ಬಿದ್ದ ಮೇಲಿನ ಕೆಲಸಕ್ಕೂ ಜನ ಬೇಕು. ಕೊಲಂಬಿಯಾ ಸರ್ಕಾರ ಮತ್ತು ಫಾರ್ಕ್ ಬಂಡುಕೋರರ ನಡುವಿನ 2016ರ ಒಪ್ಪಂದವನ್ನು ಗಮನಿಸುತ್ತಿರುವ ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದ ಕ್ರಾಕ್ ಸಂಸ್ಥೆ ಅದರಲ್ಲಿ 578 ಬದ್ಧತೆಗಳನ್ನು ಗುರುತಿಸಿ ಒಂದೊಂದನ್ನೂ ಹಿಂಬಾಲಿಸುತ್ತಿದೆ. ಬಜೆಟ್ ಓದಲು, ಭೂದಾಖಲೆ ನೋಡಲು ಬಾರದ ಸಂಧಾನಕಾರ ಅಲ್ಲಿ ನಿರುಪಯೋಗಿ. ನಮ್ಮ ಪಠ್ಯಗಳು ಹಸ್ತಲಾಘವದಲ್ಲೇ ಮುಗಿದುಬಿಡುತ್ತವೆ.

ಭಾರತ ಎಲ್ಲಿಂದ ಶುರುಮಾಡಬಹುದು ಎಂದರೆ ನಾನು ಮಣಿಪುರ ಎನ್ನುತ್ತೇನೆ. 2023ರ ಮೇ 3ರಂದು ಭುಗಿಲೆದ್ದ ಹಿಂಸೆಯ ನಂತರ ಮೈತೇಯಿ ಮತ್ತು ಕುಕಿ-ಜೋ ಸಮುದಾಯಗಳ ಪ್ರದೇಶಗಳ ನಡುವೆ ಭದ್ರತಾ ಪಡೆಗಳು ಕಾಯುವ ಬಫರ್ ವಲಯ ಎದ್ದಿತು. ಮೊದಲ ದಿನವೇ ಇಬ್ಬರನ್ನೂ ಮೈತೇಯಿ ಪ್ರದೇಶದಲ್ಲಿರುವ ಇಂಫಾಲದ ಸಭಾಂಗಣಕ್ಕೆ ಕರೆದರೆ ಕುಕಿ-ಜೋ ಕಡೆಯವರು ಬರಲಾರರು. ಮೊದಲ ಸುತ್ತು ಬೇರೆ ಬೇರೆಯಾಗಿ, ಒಂದೇ ಪಠ್ಯದಿಂದ, ಅವರವರ ಭಾಷೆಯಲ್ಲಿ ನಡೆಯಲಿ. ಎರಡನೆಯದಕ್ಕೆ ರಾಜ್ಯದ ಹೊರಗೆ ಒಟ್ಟಿಗೆ ಕೂರಲಿ, ಪ್ರಯಾಣದ ಭದ್ರತೆಯನ್ನು ಮೊದಲೇ ಲಿಖಿತವಾಗಿ ಖಚಿತಪಡಿಸಿಕೊಂಡು. ಎರಡೂ ಬಣಕ್ಕೆ ಸೇರದ ಸಮುದಾಯಗಳವರಿಗೂ ಜಾಗವಿರಲಿ. ಒಟ್ಟು 24 ಜನ ಸಾಕು, ಅರ್ಧದಷ್ಟು ಮಹಿಳೆಯರು. ಮೂರು ವರ್ಷದ ಸಂಬಳ ಮತ್ತು ವಿಮೆಗೆ ಹಣ ತೆಗೆದಿಟ್ಟ ಮೇಲೆಯೇ ಅರ್ಜಿ ಕರೆಯಬೇಕು.